ದುಡಿಯುವ ತಾಯಂದಿರ ವಕೀಲ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಂಬಯಿಯ ಪರೇಲ್ ಭಾಗವು ಬಟ್ಟೆಯ ಗಿರಣಿಗಳ ನೆಲೆಯಾಗಿತ್ತು. ನಸುಕಿನಲ್ಲಿ ಗಿರಣಿಯ ಕೂಗು ಕೇಳಿದೊಡನೆ ಸಾವಿರಾರು ಜನರು ಚಾಳುಗಳ ಕಿರಿದಾದ ಮೆಟ್ಟಿಲುಗಳನ್ನಿಳಿದು ಕೆಲಸಕ್ಕೆ ಧಾವಿಸುತ್ತಿದ್ದರು. ಅವರಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಹೆಂಗಸರಿದ್ದರು. ನೂಲು ಸುತ್ತುವ ಮತ್ತು ಲಡಿ ಕಟ್ಟುವ ವಿಭಾಗಗಳಲ್ಲಿ ಅವರ ಸಂಖ್ಯೆ ಹೆಚ್ಚು. ಮಾಡಿದ ಕೆಲಸದ ಅಳತೆಗೆ ತಕ್ಕಂತೆ ಅವರಿಗೆ ಕೂಲಿ ದೊರೆಯುತ್ತಿತ್ತು. ಅದು ಗಂಡಸರ ಕೂಲಿಗಿಂತ ಬಹಳ ಕಡಮೆಯಾಗಿತ್ತು. 1922ರ ಕಾರ್ಖಾನೆ ಕಾಯಿದೆಯು ದಿನಕ್ಕೆ 11 ಗಂಟೆ, ವಾರಕ್ಕೆ 60 ಗಂಟೆಗಳಿಗಿಂತ ಹೆಚ್ಚು ದುಡಿಸಬಾರದೆಂದು ಗೊತ್ತುಪಡಿಸಿತ್ತು. ಆ ದಿನಗಳಲ್ಲಿ ಅದೇ ದೊಡ್ಡ ಸುಧಾರಣೆಯೆನಿಸಿತ್ತೆಂದರೆ ಅದಕ್ಕೆ ಹಿಂದಿನ ಸ್ಥಿತಿಯನ್ನು ಊಹಿಸಿಕೊಳ್ಳಬಹುದು.

ಬಸುರಿ ಹೆಂಗಸಿಗೂ ಇದೇ ಹನ್ನೊಂದು ಗಂಟೆಗಳ ದುಡಿಮೆ. ಒಂದು ದಿನ ಕೆಲಸಕ್ಕೆ ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ಕೆಲವು ವಾರ ಹೋಗದಿದ್ದರೆ ಕೆಲಸವೇ ಇಲ್ಲ. ಆದುದರಿಂದ ನೋವು ಕಾಣಿಸಿಕೊಳ್ಳುವವರೆಗೂ ಆಕೆ ಯಂತ್ರದ ಮುಂದೆ ನಿಲ್ಲುತ್ತಿದ್ದಳು. ಹೆತ್ತ ಮೇಲೆ ಬಾಣಂತನ ಮುಗಿಯುವ ಮುನ್ನವೇ ಮರಳಿ ಬರುತ್ತಿದ್ದಳು. ಎಳೆಗೂಸನ್ನು ಚಾಳಿನ ಕೋಣೆಯಲ್ಲಿ ಬಿಟ್ಟುಹೋಗುವಾಗ ಅದು ಅಳದೆ ಮಲಗಿರಲೆಂದು ಅಫೀಮಿನ ಚಿಕ್ಕ ಗುಳಿಗೆಯನ್ನು ಕೊಡುವುದು ವಾಡಿಕೆಯಾಗಿತ್ತು. 1921ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಿಗೆ 600ಕ್ಕೂ ಹೆಚ್ಚು ಶಿಶುಗಳು ವರ್ಷ ತುಂಬುವುದರೊಳಗೆ ಸತ್ತವೆಂದು ನಗರಸಭೆಯ ಲೆಕ್ಕಗಳು ಹೇಳುತ್ತಿದ್ದವು. ಒಂದೇ ಕೋಣೆಯ ಮನೆಗಳಲ್ಲಿ ಈ ಸಾವು ಇನ್ನೂ ಅಧಿಕವಾಗಿತ್ತು.

ಇಂಥ ಚಾಳೊಂದರ ಎರಡು ಸಣ್ಣ ಕೋಣೆಗಳಲ್ಲಿ ಡಾಕ್ಟರ್ ಭೀಮರಾವ್ ರಾಮಜಿ ಅಂಬೇಡ್ಕರ್ ಅವರು ತಮ್ಮ ಸಂಸಾರದೊಡನೆ ಇಪ್ಪತ್ತು ವರ್ಷಗಳಷ್ಟು ಕಾಲ ನೆಲೆಸಿದ್ದರು. ಸಂವಿಧಾನದ ಶಿಲ್ಪಿಯೆಂದೂ ದಲಿತರ ವಿಮೋಚಕರೆಂದೂ ಅವರನ್ನು ನಾಡು ಅರಿತಿದೆ. ದುಡಿಯುವ ಗರ್ಭಿಣಿಯರ ಪರವಾಗಿ ಅವರು ನಡೆಸಿದ ವಾದವು ಅಷ್ಟಾಗಿ ಜನರ ನೆನಪಿನಲ್ಲಿ ಉಳಿದಿಲ್ಲ.

ಅಂಬೇಡ್ಕರರು 1891ರ ಏಪ್ರಿಲ್ 14ರಂದು ಮಧ್ಯಭಾರತದ ಮಹೂ ಎಂಬ ದಂಡಿನ ಊರಿನಲ್ಲಿ ಜನಿಸಿದರು. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದವರು. ತಾಯಿ ಭೀಮಾಬಾಯಿಯವರಿಗೆ ಹುಟ್ಟಿದ ಹದಿನಾಲ್ಕು ಮಕ್ಕಳಲ್ಲಿ ಭೀಮರಾವ್ ಕೊನೆಯವರು. ಅವರಿಗೆ ಐದು ವರ್ಷ ತುಂಬುವಷ್ಟರಲ್ಲಿ ತಾಯಿ ತೀರಿಕೊಂಡರು. ಆ ಹದಿನಾಲ್ಕು ಮಂದಿಯಲ್ಲಿ ಬದುಕಿ ಉಳಿದವರೂ ಕೆಲವರೇ. ಅಸ್ಪೃಶ್ಯರೆನಿಸಿಕೊಂಡ ಮಹಾರ್ ಕುಲದಲ್ಲಿ ಹುಟ್ಟಿದ್ದರಿಂದ ಬಾಲಕ ಭೀಮರಾವ್ ಶಾಲೆಯಲ್ಲಿ ಉಂಡ ಅವಮಾನಗಳು ಸುಪ್ರಸಿದ್ಧವಾಗಿವೆ. ರಾಮಜಿಯವರು ಮಗನ ಓದಿಗಾಗಿ ಸಂಸಾರವನ್ನು ಮುಂಬಯಿಗೆ ತಂದು ಗಿರಣಿ ಕೆಲಸಗಾರರ ನಡುವೆ ಪರೇಲ್‌ನಲ್ಲಿ ಮನೆ ಮಾಡಿದರು. 1907ರಲ್ಲಿ ಭೀಮರಾವ್ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಬಡೋದೆಯ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿ ಅರ್ಥಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಬಳಿಕ ಲಂಡನ್ನಿನಲ್ಲಿ ಓದಿ ಡಿ.ಎಸ್‌ಸಿ. ಪದವಿಯನ್ನೂ ಬ್ಯಾರಿಸ್ಟರ್ ಪದವಿಯನ್ನೂ ಪಡೆದು 1923ರಲ್ಲಿ ಸ್ವದೇಶಕ್ಕೆ ಮರಳಿದರು.

ಪತಿಯು ಕಡಲಾಚೆ ಓದುತ್ತಿದ್ದಾಗ ಮನೆಯ ಭಾರವನ್ನು ಹೊತ್ತವರು ರಮಾಬಾಯಿಯವರು. ಅವರದು ಅರೆಹೊಟ್ಟೆಯ ಬಾಳು. ಈ ದಂಪತಿಗಳಿಗೆ ಹುಟ್ಟಿದ ಐವರು ಮಕ್ಕಳಲ್ಲಿ ಉಳಿದವನು ಯಶವಂತನೊಬ್ಬನೇ. ಉಳಿದ ಮೂವರು ಗಂಡುಮಕ್ಕಳೂ ಒಬ್ಬ ಹೆಣ್ಣುಮಗಳೂ ಎಳವೆಯಲ್ಲಿಯೇ ಕಣ್ಮರೆಯಾದರು. ಕೊನೆಯ ಮಗ ರಾಜರತ್ನ 1926ರಲ್ಲಿ ತೀರಿಕೊಂಡನು. ಜಗತ್ತಿನ ದೊಡ್ಡ ವಿದ್ಯಾಲಯಗಳ ಪದವಿಗಳು ಗೋಡೆಯ ಮೇಲಿದ್ದ ಮನೆಯಲ್ಲಿಯೇ ಸ್ಥಿತಿ ಹೀಗಿತ್ತು.

ಮಗನನ್ನು ಕಳೆದುಕೊಂಡ ಕೆಲವೇ ತಿಂಗಳುಗಳಲ್ಲಿ ಅಂಬೇಡ್ಕರರು ಮುಂಬಯಿ ಪ್ರಾಂತದ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ ಆಗ ಇದೇ ಪ್ರಾಂತಕ್ಕೆ ಸೇರಿದ್ದವು. ಅವರನ್ನು ನಾಮಕರಣ ಮಾಡಿದ್ದು ಅಸ್ಪೃಶ್ಯ ವರ್ಗಗಳ ಪ್ರತಿನಿಧಿಯಾಗಿ. ಆದರೆ ಅವರು ಆ ಎಲ್ಲೆಯೊಳಗೆ ನಿಂತುಕೊಳ್ಳಲಿಲ್ಲ. ಮುಂಗಡಪತ್ರ, ಭೂಹಿಡುವಳಿ, ಶಿಕ್ಷಣ ಎಲ್ಲವನ್ನೂ ಕುರಿತು ಮಾತನಾಡಿದರು.

1928ರಲ್ಲಿ ಆ ಪರಿಷತ್ತಿನ ಮುಂದೆ ಹೆರಿಗೆ ಸೌಲಭ್ಯದ ಮಸೂದೆಯೊಂದು ಬಂದಿತು. ಕಾರ್ಖಾನೆಯಲ್ಲಿ ದುಡಿಯುವ ಹೆಂಗಸಿಗೆ ಹೆರಿಗೆಯ ಹಿಂದುಮುಂದಿನ ಕೆಲವು ವಾರಗಳ ಕಾಲ ಬಿಡುವು ಕೊಡಬೇಕು, ಆ ದಿನಗಳಿಗೆ ಮಾಲೀಕನು ಗೊತ್ತಾದ ಭತ್ಯೆಯನ್ನೂ ಕೊಡಬೇಕು ಎಂಬುದು ಅದರ ಸಾರ. ಈ ವಿಚಾರ ತೀರ ಹೊಸದೇನೂ ಆಗಿರಲಿಲ್ಲ. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ತಾಯಂದಿರಿಗೆ ಹನ್ನೆರಡು ವಾರಗಳ ಬಿಡುವನ್ನು ಒಪ್ಪಂದದ ಮೂಲಕ ವಿಧಿಸಿತ್ತು. ಭಾರತ ಸರಕಾರವು ಆ ಒಪ್ಪಂದಕ್ಕೆ ಒಳಪಟ್ಟಿರಲಿಲ್ಲ. ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಇದೇ ಉದ್ದೇಶದ ಮಸೂದೆಯನ್ನು ಮಂಡಿಸಿದ್ದರು, ಅದು ಸೋತುಹೋಗಿತ್ತು.

ಮಸೂದೆಯನ್ನು ಒಪ್ಪದವರ ಬಳಿ ಕಾರಣಗಳಿಗೆ ಕೊರತೆಯಿರಲಿಲ್ಲ. ಮುಂಬಯಿಯಲ್ಲಿ ಮಾತ್ರ ಇಂಥ ಕಾಯಿದೆ ಬಂದರೆ ಬೇರೆ ಪ್ರಾಂತಗಳ ಗಿರಣಿಗಳೊಡನೆ ಪೈಪೋಟಿ ಮಾಡುವುದು ಹೇಗೆಂದು ಕೆಲವರು ಕೇಳಿದರು. ಈ ಹೊರೆಯನ್ನು ಹೊರಲಾರದೆ ಮಾಲೀಕರು ಹೆಂಗಸರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದನ್ನೇ ಬಿಡುವರೆಂದು ಮತ್ತೆ ಕೆಲವರು ಹೆದರಿಸಿದರು. ಹಳ್ಳಿಯ ಹೆಂಗಸರು ಹೊಲದಲ್ಲಿ ದುಡಿಯುತ್ತಲೇ ಹೆರುವುದಿಲ್ಲವೆ ಎಂಬ ಮಾತೂ ಆ ಕಾಲದಲ್ಲಿ ಧಾರಾಳವಾಗಿ ಕೇಳಿಬರುತ್ತಿತ್ತು. ಎರಡನೆಯ ಆಕ್ಷೇಪವನ್ನು ಮಾತ್ರ ಪೊಳ್ಳೆಂದು ತಳ್ಳಿಹಾಕುವಂತಿರಲಿಲ್ಲ. ಅದರಲ್ಲಿ ಹುರುಳಿತ್ತೆಂಬುದು ಮುಂದೆ ತಿಳಿದುಬಂದಿತು.

1928ರ ಜುಲೈ 28ರಂದು ಅಂಬೇಡ್ಕರರು ಈ ಮಸೂದೆಯ ಪರವಾಗಿ ಎದ್ದುನಿಂತರು. ಆಗ ಅವರಿಗೆ 37 ವರ್ಷ. ಕರುಣೆ ತೋರಿಸಿರೆಂದು ಅವರು ಯಾರನ್ನೂ ಬೇಡಲಿಲ್ಲ. ಅವರ ಮಾತು ಅರ್ಥಶಾಸ್ತ್ರಜ್ಞನ ಮಾತಾಗಿತ್ತು. ಹೆರಿಗೆಗೆ ಮುನ್ನ ಕೆಲಕಾಲ, ಹೆರಿಗೆಯ ನಂತರ ಕೆಲಕಾಲ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತಕ್ಕೇ ಅವಶ್ಯವೆಂದು ಅವರು ಪ್ರತಿಪಾದಿಸಿದರು. ಜನರ ಕ್ಷೇಮವನ್ನು ಕಾಯುವುದು ಮೊದಲಾಗಿ ಸರಕಾರದ ಕರ್ತವ್ಯ. ಆದುದರಿಂದ ಈ ವೆಚ್ಚದ ಬಹುಪಾಲನ್ನು ಸರಕಾರವೇ ಹೊರುವುದು ನ್ಯಾಯವೆಂದು ಅವರು ಒಪ್ಪಿಕೊಂಡರು. ಹೆರಿಗೆ ಸೌಲಭ್ಯವಿರುವ ದೇಶಗಳಲ್ಲಿ ಸರಕಾರವು ತನ್ನ ಪಾಲನ್ನು ಕೊಡುತ್ತಿರುವುದನ್ನು ನೆನಪಿಸಿದರು.

ಹಾಗಾದರೆ ಮಾಲೀಕನು ಏಕೆ ಕೊಡಬೇಕು? ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರವು ಗಿರಣಿಯ ಲೆಕ್ಕದ ಪುಸ್ತಕದಿಂದಲೇ ಎತ್ತಿದಂತಿತ್ತು. ಮಾಲೀಕನು ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಉಪಕಾರಕ್ಕಾಗಿ ಅಲ್ಲ. ಕೆಲವು ಕೆಲಸಗಳಲ್ಲಿ ಗಂಡಸಿನಿಂದ ದೊರೆಯುವುದಕ್ಕಿಂತ ಹೆಚ್ಚಿನ ಲಾಭ ಆಕೆಯ ದುಡಿಮೆಯಿಂದ ಅವನಿಗೆ ದೊರೆಯುತ್ತದೆ. ಹೆಂಗಸಿನಿಂದ ಆ ಹೆಚ್ಚಿನ ಲಾಭವನ್ನು ಪಡೆಯುವವನು, ಆಕೆ ಹೆಂಗಸಾಗಿರುವುದರಿಂದಲೇ ಬರುವ ವೆಚ್ಚದಲ್ಲಿಯೂ ಒಂದಿಷ್ಟನ್ನು ಕೊಡಬೇಕಾದುದು ಸಹಜವಾಗಿದೆ. ಸರಕಾರವು ತನ್ನ ಪಾಲನ್ನು ಕೊಡಲು ಮುಂದೆ ಬಂದಿಲ್ಲವೆಂಬ ಒಂದೇ ಕಾರಣಕ್ಕೆ ಮಸೂದೆಯನ್ನು ಬೀಳಗೊಡಬಾರದೆಂಬುದು ಅವರ ನಿಲುವಾಗಿತ್ತು.

ಈ ವಾದದ ಬೆಲೆಯನ್ನು ಅರಿಯಬೇಕಾದರೆ ಅಂದಿನ ಭಾವನೆಯನ್ನು ಗಮನಿಸಬೇಕು. ಹೆರಿಗೆಯೆಂಬುದು ಮನೆಯೊಳಗಿನ ಸಂಗತಿ, ಅದಕ್ಕೆ ಗಂಡನೂ ಅತ್ತೆಯೂ ಹೊಣೆ, ಕಾರ್ಖಾನೆಗೆ ಅದರೊಡನೆ ಸಂಬಂಧವಿಲ್ಲವೆಂದು ಓದಿದವರೂ ತಿಳಿದಿದ್ದರು. ದಯಾಳುವಾದ ಮಾಲೀಕನು ಒಂದು ಸೀರೆಯನ್ನೋ ಒಂದೆರಡು ರೂಪಾಯಿಯನ್ನೋ ಕೊಟ್ಟರೆ ಅದೇ ದೊಡ್ಡದು. ಆ ದಾನವನ್ನು ಹಕ್ಕಿನ ಸ್ಥಾನಕ್ಕೆ ಏರಿಸಿ, ಅದರ ಲೆಕ್ಕವನ್ನು ಸರಕಾರ ಮತ್ತು ಮಾಲೀಕರ ಹೆಸರಿನಲ್ಲಿ ಬರೆದುದು ಅಂಬೇಡ್ಕರರ ವಾದದ ವಿಶೇಷ.

ಮಸೂದೆಯು ಅಂಗೀಕಾರವಾಗಿ 1929ರಲ್ಲಿ ಮುಂಬಯಿ ಹೆರಿಗೆ ಸೌಲಭ್ಯ ಕಾಯಿದೆಯಾಯಿತು. ದಿನಕ್ಕೆ ಎಂಟು ಆಣೆಯಂತೆ ಸುಮಾರು ಏಳು ವಾರಗಳ ಭತ್ಯೆಯನ್ನು ಅದು ಕೊಡಿಸಿತು. ಮರುವರ್ಷ ಮಧ್ಯಪ್ರಾಂತದಲ್ಲಿಯೂ ಕೆಲವು ವರ್ಷಗಳಲ್ಲಿ ಮದರಾಸಿನಲ್ಲಿಯೂ ಇಂಥ ಕಾಯಿದೆಗಳು ಬಂದವು. ಬೇರೆ ಪ್ರಾಂತಗಳು ಮಾಡದಿರುವಾಗ ನಾವೇಕೆ ಮಾಡಬೇಕೆಂದು ಕೇಳಿದವರಿಗೆ ಅದೇ ಉತ್ತರವಾಯಿತು.

ಆದರೆ ಕಾಯಿದೆ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದು ಭಾವಿಸಬಾರದು. ಭತ್ಯೆಯ ಹಣವೆಲ್ಲ ಮಾಲೀಕನ ಕೈಯಿಂದಲೇ ಹೋಗಬೇಕಾಗಿದ್ದುದರಿಂದ, ಬಸುರಿಯೆಂಬ ಸುಳಿವು ದೊರೆತೊಡನೆ ಹೆಂಗಸನ್ನು ಕೆಲಸದಿಂದ ಬಿಡಿಸುವ ಉಪಾಯವನ್ನು ಕೆಲವರು ಕಂಡುಕೊಂಡರು. ಇಂತಿಷ್ಟು ತಿಂಗಳು ದುಡಿದಿರಬೇಕೆಂಬ ನಿಯಮವಿತ್ತು. ಆ ತಿಂಗಳುಗಳು ತುಂಬುವ ಮೊದಲೇ ಲೆಕ್ಕ ತೀರಿಸುವುದು ಸುಲಭವಾಗಿತ್ತು. ತಮ್ಮ ಸ್ಥಿತಿಯನ್ನು ಮುಕಾದಮನಿಂದ ಆದಷ್ಟು ಕಾಲ ಮರೆಮಾಚುವುದು ಹೆಂಗಸರಿಗೂ ಅನಿವಾರ್ಯವಾಯಿತು. ಸರಕಾರವೂ ಪಾಲು ಕೊಡಬೇಕೆಂದು ಅಂಬೇಡ್ಕರರು ಹೇಳಿದುದರ ಅರ್ಥ ಇಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ.

ಆ ಕಾಲದ ವರ್ಷಗಳಲ್ಲಿ ಅವರ ಬದುಕು ಹೋರಾಟಗಳಿಂದ ತುಂಬಿಹೋಗಿತ್ತು. ಮಹಾಡದ ಕೆರೆಯ ಸತ್ಯಾಗ್ರಹ, ನಾಸಿಕದ ದೇವಾಲಯ ಪ್ರವೇಶದ ಚಳವಳಿ, ಲಂಡನ್ನಿನ ದುಂಡುಮೇಜಿನ ಪರಿಷತ್ತುಗಳು, ಪುಣೆ ಒಪ್ಪಂದ ಇವೆಲ್ಲ ಇತಿಹಾಸದ ಪಾಠಗಳಲ್ಲಿ ಬರುವ ಸಂಗತಿಗಳು. 1935ರ ಮೇ 27ರಂದು ರಮಾಬಾಯಿಯವರು ದೀರ್ಘ ಅನಾರೋಗ್ಯದ ಬಳಿಕ ನಿಧನರಾದರು. 1936ರಲ್ಲಿ ಅಂಬೇಡ್ಕರರು ಸ್ವತಂತ್ರ ಕಾರ್ಮಿಕ ಪಕ್ಷವನ್ನು ಸ್ಥಾಪಿಸಿದರು.

1942ರ ಜುಲೈ ತಿಂಗಳಲ್ಲಿ ಅವರು ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಇಲಾಖೆಯ ಸದಸ್ಯರಾದರು. ಹದಿನಾಲ್ಕು ವರ್ಷಗಳ ಹಿಂದೆ ಸರಕಾರವು ಹೀಗೆ ಮಾಡಬೇಕೆಂದು ಕೇಳಿದವರು ಈಗ ತಾವೇ ಸರಕಾರದ ಸ್ಥಾನದಲ್ಲಿ ಕುಳಿತರು. ಅದು ಎರಡನೆಯ ಮಹಾಯುದ್ಧದ ಕಾಲ.

ಗಣಿಗಳಲ್ಲಿ ದುಡಿಯುವ ಹೆಂಗಸರಿಗಾಗಿ 1941ರಲ್ಲಿಯೇ ಒಂದು ಹೆರಿಗೆ ಸೌಲಭ್ಯ ಕಾಯಿದೆಯಾಗಿತ್ತು. ಹೆರಿಗೆಗೆ ಮೊದಲು ನಾಲ್ಕು ವಾರ, ನಂತರ ನಾಲ್ಕು ವಾರ ಭತ್ಯೆಯನ್ನು ಅದು ವಿಧಿಸಿತ್ತು. ಆದರೆ ಕೆಲಸಕ್ಕೆ ಗೈರುಹಾಜರಾದ ದಿನಗಳಿಗೆ ಭತ್ಯೆ ಎಂಬ ಮಾತು ಅದರಲ್ಲಿ ತೊಡಕನ್ನುಂಟುಮಾಡಿತ್ತು. ಗಣಿಯು ಮುಚ್ಚಿರುವ ದಿನ ಕೆಲಸವೇ ಇಲ್ಲ; ಕೆಲಸವಿಲ್ಲದ ಮೇಲೆ ಗೈರುಹಾಜರಿ ಎಲ್ಲಿಯದು; ಗೈರುಹಾಜರಿ ಇಲ್ಲದ ಮೇಲೆ ಭತ್ಯೆ ಏಕೆ ಎಂಬ ತರ್ಕಕ್ಕೆ ಅಲ್ಲಿ ಎಡೆಯಿತ್ತು. ತುಂಬುಗರ್ಭಿಣಿಯ ಕೆಲವು ಆಣೆಗಳು ಇಂಥ ಪದಗಳ ಸಂದಿಯಲ್ಲಿ ಜಾರಿಹೋಗಬಾರದೆಂದು ಅಂಬೇಡ್ಕರರು 1943ರಲ್ಲಿ ತಿದ್ದುಪಡಿಯ ಮಸೂದೆಯನ್ನು ತಂದರು. ನೋಡುವುದಕ್ಕೆ ಇದು ಬಹು ಚಿಕ್ಕ ಕೆಲಸ.

ಅದೇ ವರ್ಷ ಅವರು ಒಂದು ಇಕ್ಕಟ್ಟಿಗೂ ಸಿಲುಕಿದರು. ನೆಲದಡಿಯ ಗಣಿ ಕೆಲಸದಿಂದ ಹೆಂಗಸರನ್ನು ಹಂತಹಂತವಾಗಿ ಬಿಡಿಸಿ, ಆ ಕೆಲಸವನ್ನು 1930ರ ದಶಕದ ಕೊನೆಯ ವೇಳೆಗೆ ಪೂರ್ಣವಾಗಿ ನಿಷೇಧಿಸಲಾಗಿತ್ತು. ಯುದ್ಧ ಬಂದಾಗ ಗಣಿಯ ಕೂಲಿಗಳು ಹೆಚ್ಚು ಕೂಲಿ ದೊರೆಯುವ ಸೈನ್ಯದ ಕಾಮಗಾರಿಗಳಿಗೆ ಹೊರಟುಹೋದರು. ಕಲ್ಲಿದ್ದಲು ಸಾಲದೆ ರೈಲುಗಳೂ ಕಾರ್ಖಾನೆಗಳೂ ನಿಲ್ಲುವ ಸ್ಥಿತಿ ಬಂದಿತು. ಆಗ ಸರಕಾರವು 1943ರಲ್ಲಿ ಆ ನಿಷೇಧವನ್ನು ಸಡಿಲಿಸಿ, ಹೆಂಗಸರನ್ನು ಮತ್ತೆ ನೆಲದಡಿಗೆ ಇಳಿಸಿತು. ದೇಶದ ಮಹಿಳಾ ಸಂಘಟನೆಗಳು ಇದನ್ನು ಪ್ರತಿಭಟಿಸಿದವು. ಭಾರತವು ತಾನೇ ಒಪ್ಪಿಕೊಂಡಿದ್ದ ಅಂತರರಾಷ್ಟ್ರೀಯ ಒಪ್ಪಂದವನ್ನು ಮುರಿಯಿತೆಂಬ ಟೀಕೆಯೂ ಕೇಳಿಬಂದಿತು. 1944ರ ಫೆಬ್ರವರಿಯಲ್ಲಿ ಕೇಂದ್ರ ಶಾಸನಸಭೆಯಲ್ಲಿ ಈ ವಿಷಯ ಬಂದಾಗ ಉತ್ತರ ಕೊಡುವ ಹೊಣೆ ಅಂಬೇಡ್ಕರರ ಮೇಲೆ ಬಿದ್ದಿತು. ಇದು ಯುದ್ಧಕಾಲದ ತಾತ್ಕಾಲಿಕ ಕ್ರಮವೆಂದೂ, ಗಣಿಯೊಳಗೆ ಹೆಂಗಸಿಗೆ ಗಂಡಸಿನಷ್ಟೇ ಕೂಲಿ ಕೊಡಬೇಕೆಂದು ಕಡ್ಡಾಯ ಮಾಡಲಾಗಿದೆಯೆಂದೂ ಅವರು ಸಮರ್ಥಿಸಿಕೊಂಡರು. ಸಮಾನ ಕೂಲಿಯ ನಿಯಮ ದೊಡ್ಡದೇ. ಆದರೂ ಸಡಿಲಿಕೆಯನ್ನು ವಿರೋಧಿಸಿದವರ ಪಕ್ಷದಲ್ಲಿ ನ್ಯಾಯವಿರಲಿಲ್ಲವೆಂದು ಹೇಳಲಾಗದು. ಅಂಬೇಡ್ಕರರ ಕಾರ್ಮಿಕ ಇಲಾಖೆಯ ದಿನಗಳಲ್ಲಿ ಬಹುಶಃ ಇದೇ ಅತ್ಯಂತ ಕಷ್ಟದ ಸಮರ್ಥನೆ.

ಅದಕ್ಕೆ ಮುನ್ನ, 1943ರ ಡಿಸೆಂಬರಿನಲ್ಲಿ, ಅವರು ಧನಬಾದಿನ ಕಲ್ಲಿದ್ದಲು ಪ್ರದೇಶಕ್ಕೆ ತಾವೇ ಹೋಗಿ ಗಣಿಯೊಳಗೆ ಇಳಿದರು. ಕೆಲಸಗಾರರ ಗುಡಿಸಲುಗಳನ್ನೂ ಆಸ್ಪತ್ರೆಗಳನ್ನೂ ನೋಡಿದರು. ಅಲ್ಲಿ ಗಂಡನು ಕಲ್ಲಿದ್ದಲನ್ನು ಕಡಿಯುವುದು, ಹೆಂಡತಿಯು ಅದನ್ನು ಬುಟ್ಟಿಯಲ್ಲಿ ಹೊತ್ತು ಹಳಿಗಳ ಮೇಲಿನ ಬಂಡಿಗೆ ತುಂಬುವುದು ರೂಢಿಯಾಗಿತ್ತು. 1944ರ ಜನವರಿಯಲ್ಲಿ ಗಣಿ ಕಾರ್ಮಿಕರ ಕ್ಷೇಮನಿಧಿಯೊಂದು ಸ್ಥಾಪನೆಯಾಯಿತು. 1945ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ಮತ್ತೊಂದು ತಿದ್ದುಪಡಿ ಬಂದಿತು. ನೆಲದಡಿಯಲ್ಲಿ ದುಡಿಯುವ ಗರ್ಭಿಣಿಯನ್ನು ಹೆರಿಗೆಗೆ ಹತ್ತು ವಾರ ಮೊದಲೇ ಆ ಕೆಲಸದಿಂದ ಬಿಡಿಸಬೇಕು, ಭತ್ಯೆಯನ್ನೂ ಕೊಡಬೇಕು ಎಂದು ಅದು ವಿಧಿಸಿತು. ಗಣಿಗಳ ಬಳಿ ಶಿಶುವಿಹಾರಗಳನ್ನು ತೆರೆಯಲು ಏರ್ಪಾಟಾಯಿತು. ಯುದ್ಧವು ಮುಗಿದ ಬಳಿಕ 1946ರ ಫೆಬ್ರವರಿ 1ರಿಂದ ನೆಲದಡಿಯ ಕೆಲಸದ ನಿಷೇಧ ಮತ್ತೆ ಜಾರಿಗೆ ಬಂದಿತು. ತಾತ್ಕಾಲಿಕವೆಂದು ಶಾಸನಸಭೆಯಲ್ಲಿ ಆಡಿದ ಮಾತು ನಿಂತಿತು.

ಅದೇ ಅವಧಿಯಲ್ಲಿ ಕೈಗೊಂಡ ಇನ್ನೊಂದು ಕಾರ್ಯದ ಫಲವು ಹೆಚ್ಚು ದೂರ ವ್ಯಾಪಿಸಿತು. ಕಾರ್ಖಾನೆ ಕೆಲಸಗಾರರ ಆರೋಗ್ಯ ವಿಮೆಯ ಯೋಜನೆಯನ್ನು ರೂಪಿಸಲು ಪ್ರೊಫೆಸರ್ ಬಿ. ಪಿ. ಅದಾರ್ಕರ್ ಅವರನ್ನು 1943ರಲ್ಲಿ ನೇಮಿಸಲಾಯಿತು. 1944ರಲ್ಲಿ ಅವರು ಸಲ್ಲಿಸಿದ ವರದಿಯ ತಳಹದಿಯ ಮೇಲೆ 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಬಂದಿತು. ಆ ವೇಳೆಗೆ ಅಂಬೇಡ್ಕರರು ಕಾರ್ಮಿಕ ಇಲಾಖೆಯಲ್ಲಿ ಇರಲಿಲ್ಲ. ಬಾಬು ಜಗಜೀವನರಾಮ್ ಅವರು ಕಾರ್ಮಿಕ ಸಚಿವರಾಗಿದ್ದರು. ಕೆಲಸಗಾರರೂ ಮಾಲೀಕರೂ ಕೊಡುವ ವಂತಿಗೆಯು ಒಂದು ನಿಧಿಗೆ ಸೇರುತ್ತದೆ, ವೈದ್ಯಕೀಯ ವೆಚ್ಚದಲ್ಲಿ ಸರಕಾರವೂ ಪಾಲು ಹೊರುತ್ತದೆ. ಹೆರಿಗೆಯ ಭತ್ಯೆ ಆ ನಿಧಿಯಿಂದಲೇ ದೊರೆಯುತ್ತದೆ. ಒಬ್ಬ ಬಸುರಿ ಕೆಲಸಗಾರಳನ್ನು ಹೊರಗಟ್ಟಿದರೆ ಮಾಲೀಕನಿಗೆ ಉಳಿಯುವ ಹಣವೇನೂ ಇಲ್ಲ. ಮುಂಬಯಿಯ ಕಾಯಿದೆಯಲ್ಲಿ ಕಂಡ ದೋಷಕ್ಕೆ ಮದ್ದು ಇಲ್ಲಿ ದೊರೆಯಿತು. 1952ರಲ್ಲಿ ಈ ಯೋಜನೆ ಮೊದಲು ಕಾನಪುರ ಮತ್ತು ದೆಹಲಿಗಳಲ್ಲಿ ಆರಂಭವಾಯಿತು.

ಅಷ್ಟರಲ್ಲಿ ಅಂಬೇಡ್ಕರರು ಸ್ವತಂತ್ರ ಭಾರತದ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದರು. ಸಂವಿಧಾನದ 42ನೆಯ ಅನುಚ್ಛೇದವು ದುಡಿಮೆಯ ಸ್ಥಿತಿಗತಿಗಳು ನ್ಯಾಯವೂ ಮಾನವೀಯವೂ ಆಗಿರುವಂತೆ ನೋಡಿಕೊಳ್ಳುವುದನ್ನೂ ಹೆರಿಗೆಯ ಸಹಾಯಕ್ಕೆ ಏರ್ಪಾಟು ಮಾಡುವುದನ್ನೂ ರಾಜ್ಯದ ಕರ್ತವ್ಯವನ್ನಾಗಿ ಮಾಡಿದೆ. ಇದು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ ಒಂದು. ಈ ತತ್ತ್ವಗಳನ್ನು ನ್ಯಾಯಾಲಯದ ಮೂಲಕ ನೇರವಾಗಿ ಜಾರಿಗೊಳಿಸುವಂತಿಲ್ಲವಾದ್ದರಿಂದ ಇವು ಬರಿಯ ಸದಾಶಯಗಳೆಂದು ಸಂವಿಧಾನ ಸಭೆಯಲ್ಲಿ ಕೆಲವರು ಟೀಕಿಸಿದರು. ಅಧಿಕಾರಕ್ಕೆ ಬರುವವರು ಇವನ್ನು ಕಡೆಗಣಿಸಿದರೆ ನ್ಯಾಯಾಲಯದಲ್ಲಿ ಅಲ್ಲದಿದ್ದರೂ ಚುನಾವಣೆಯ ಹೊತ್ತಿಗೆ ಮತದಾರರ ಮುಂದೆ ಉತ್ತರ ಹೇಳಲೇಬೇಕಾಗುವುದೆಂದು ಅಂಬೇಡ್ಕರರು ಅವರಿಗೆ ತಿಳಿಸಿದರು.

ಕಾನೂನು ಸಚಿವರಾಗಿ ಅವರು ಬಹುವಾಗಿ ಶ್ರಮಿಸಿದ ಹಿಂದೂ ಸಂಹಿತೆಯ ಮಸೂದೆ ಮುಂದುವರಿಯದೆ ಹೋದಾಗ 1951ರಲ್ಲಿ ಸಚಿವ ಪದವಿಯನ್ನು ತ್ಯಜಿಸಿದರು. ಅದರಲ್ಲಿದ್ದುದೂ ಬಹುಮಟ್ಟಿಗೆ ಹೆಣ್ಣುಮಕ್ಕಳ ಆಸ್ತಿ ಹಾಗೂ ಮದುವೆಯ ಹಕ್ಕುಗಳೇ. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ಅದೇ ವರ್ಷ ಡಿಸೆಂಬರ್ 6ರಂದು ದೆಹಲಿಯಲ್ಲಿ ನಿಧನರಾದರು.

ಅವರು ತೀರಿಹೋದ ಐದು ವರ್ಷಗಳ ಮೇಲೆ, 1961ರಲ್ಲಿ, ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವಂತೆ ಹೆರಿಗೆ ಸೌಲಭ್ಯ ಕಾಯಿದೆಯನ್ನು ಅಂಗೀಕರಿಸಿತು. ಹೆರಿಗೆಯ ಬಿಡುವಿನಲ್ಲಿರುವ ಹೆಂಗಸನ್ನು ಆ ಕಾರಣಕ್ಕಾಗಿ ಕೆಲಸದಿಂದ ತೆಗೆಯುವುದು ಅದರ ಪ್ರಕಾರ ಕಾನೂನುಬಾಹಿರವಾಯಿತು. ಅಂಬೇಡ್ಕರರು ಯುವಕರಾಗಿದ್ದಾಗ ಬೆಂಬಲಿಸಿದ 1929ರ ಮುಂಬಯಿ ಕಾಯಿದೆಯನ್ನೂ, ಸಚಿವ ಸ್ಥಾನದಲ್ಲಿದ್ದು ತಿದ್ದಿದ 1941ರ ಗಣಿ ಕಾಯಿದೆಯನ್ನೂ ಈ ಹೊಸ ಕಾಯಿದೆಯು ರದ್ದುಗೊಳಿಸಿ ಅವುಗಳ ಸ್ಥಾನವನ್ನು ತಾನು ಪಡೆಯಿತು. ಬಿಡುವಿನ ಅವಧಿ ಏಳೆಂಟು ವಾರಗಳಿಂದ ಹನ್ನೆರಡು ವಾರಗಳಿಗೆ ಏರಿತು. 2017ರಲ್ಲಿ ಅದನ್ನು ಮೊದಲ ಎರಡು ಮಕ್ಕಳ ಹೆರಿಗೆಗೆ 26 ವಾರಗಳಿಗೆ ಹೆಚ್ಚಿಸಲಾಯಿತು. ಐವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆಯಲ್ಲಿ ಶಿಶುವಿಹಾರವಿರಬೇಕೆಂದೂ, ತಾಯಿಯು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕೆಂದೂ ಗೊತ್ತುಮಾಡಲಾಯಿತು.